ಬಲಗಡೆಯ ಜಾಗ

ಜೋಗೇಶ್ವರಿ, ಮುಂಬಯಿ
6 ಅಕ್ಟೋಬರ್ 1974

ಬಸಲಿಂಗವ್ವ,

ಮನೆಯವರೆಲ್ಲರ ಮುಂದೆ ಓದುವ ಪತ್ರವನ್ನು ಬೇರೆ ಹಾಕಿದ್ದೇನೆ. ನಾನು ಆರಾಮ ಇದ್ದೇನೆ, ಎತ್ತಿನ ಕಾಲು ಹೇಗಿದೆ ಎಂಬುದನ್ನು ಬಿಟ್ಟರೆ ಅದರಲ್ಲಿ ಮತ್ತೇನೂ ಇಲ್ಲ. ಇದು ನಿನಗೊಬ್ಬಳಿಗೆ. ಚನ್ನಬಸಯ್ಯ ಮಾಸ್ತರರು ಶಾಲೆಯನ್ನೂ ಟಪಾಲನ್ನೂ ಒಂದೇ ಮೇಜಿನ ಮೇಲೆ ನಡೆಸುವವರಾದರೂ ಒಬ್ಬರ ಪತ್ರವನ್ನು ಇನ್ನೊಬ್ಬರ ಕೈಗೆ ಕೊಟ್ಟವರಲ್ಲ, ಅದೇ ಧೈರ್ಯ.

ಒಂದು ಸುದ್ದಿ ಇದೆ. ಯುಗಾದಿಗೆ ಬಂದಾಗ ನಿನ್ನ ತವರಿನ ಹಂದರದ ದ್ರಾಕ್ಷಿಯನ್ನು ಒಣಗಿಸಿ ಒಂದು ಚೀಲ ಕಟ್ಟಿಕೊಟ್ಟಿದ್ದೆಯಲ್ಲ, ಅದರಲ್ಲಿ ಅರ್ಧವನ್ನು ಡಬ್ಬಿ ಕಾರ್ಖಾನೆಯಲ್ಲಿ ನನ್ನ ಪಕ್ಕದ ತಗಡಿನ ಪ್ರೆಸ್ಸಿನಲ್ಲಿ ಕೆಲಸ ಮಾಡುವ ಇನಾಸನಿಗೆ ಕೊಟ್ಟಿದ್ದೆ. ಅವನು ಗೋರಾಯಿಯ ಕ್ರಿಶ್ಚಿಯನ್. ಗೋರಾಯಿ ಎಂದರೆ ಬೊರಿವಲಿಯ ಆಚೆ ಖಾಡಿ, ಎಂದರೆ ಸಮುದ್ರದ ಹಿನ್ನೀರು, ದಾಟಿದರೆ ಸಿಗುವ ಹಳ್ಳಿ, ಅದರ ಬೆನ್ನಿಗೇ ಸಮುದ್ರ. ಅಲ್ಲಿ ಅವನ ಮಾವಶಿ, ಎಂದರೆ ಚಿಕ್ಕಮ್ಮ, ಕ್ಲೆಮೆಂತಿನ್ ಬಾಯಿ ಎಂಬಾಕೆ ಇದ್ದಾಳೆ. ಪ್ರತಿ ವರ್ಷ ನಾತಾಳಕ್ಕೆ, ಎಂದರೆ ಕ್ರಿಸ್ಮಸ್ ಹಬ್ಬಕ್ಕೆ, ವೈನ್ ಹಾಕುತ್ತಾಳೆ. ಪರ್ಮಿಟ್ ಇದೆ ಎಂದು ಇನಾಸ್ ಹೇಳುತ್ತಾನೆ, ನಾನು ನೋಡಿಲ್ಲ. ಈ ಸಲ ನಿನ್ನ ದ್ರಾಕ್ಷಿಯನ್ನೂ ಒಂದು ಭರಣಿಯಲ್ಲಿ ನೆನೆಹಾಕಿದಳಂತೆ. ಡಿಸೆಂಬರಿನಲ್ಲಿ ಒಂದು ರವಿವಾರ ಭರಣಿಗಳ ಬಾಯಿ ಬಿಚ್ಚಿ ನೆಂಟರಿಷ್ಟರಿಗೆಲ್ಲ ರುಚಿ ತೋರಿಸುವುದು ಅವಳ ಪದ್ಧತಿ. ಈ ದ್ರಾಕ್ಷಿ ಒಣಗಿಸಿದ ಕೈಯನ್ನು ನಾನು ನೋಡಬೇಕು, ಆಕೆಯನ್ನು ಕರೆದುಕೊಂಡು ಬಾ ಎಂದು ಹೇಳಿಕಳಿಸಿದ್ದಾಳೆ.

ಬರುತ್ತೀಯಾ? ಶನಿವಾರ, ರವಿವಾರ ಎರಡು ದಿನ ಸಮುದ್ರದ ದಂಡೆಯಲ್ಲಿ ನಾವಿಬ್ಬರೇ ಇರೋಣ. ಮದುವೆಯಾಗಿ ಏಳು ವರ್ಷವಾಯಿತು. ವರ್ಷಕ್ಕೊಮ್ಮೆ ರಜೆ, ಆ ರಜೆಯಲ್ಲಿ ಮನೆ ತುಂಬ ಮಂದಿ. ನೀನು ನನಗೆ ಹೇಳಬೇಕಾದ್ದನ್ನು ಗೋಡೆಗೆ ಹೇಳುತ್ತೀಯ, ನಾನು ನಿನಗೆ ಹೇಳಬೇಕಾದ್ದನ್ನು ಅವ್ವನಿಗೆ ಹೇಳುತ್ತೇನೆ. ಪತ್ರದಲ್ಲಿ ಎಷ್ಟೊಂದು ಮಾತಾಡುವವಳು ನೀನು. ಆ ಮಾತನ್ನೆಲ್ಲ ನಿನ್ನ ಬಾಯಿಂದಲೇ ಒಮ್ಮೆ ಕೇಳಬೇಕು ಎಂದು ನನಗೆ ಬಹಳ ಆಸೆಯಾಗಿದೆ. ಮುಂದಿನ ವರ್ಷ ನೋಡೋಣ ಎನ್ನಬೇಡ. ಈ ಚಳಿಗಾಲದಲ್ಲೇ ಆಗಬೇಕು.

ಅಣವೀರಪ್ಪ

*

ತಿಕೋಟಾ ಹತ್ತಿರ, ವಿಜಾಪುರ ಜಿಲ್ಲೆ
14 ಅಕ್ಟೋಬರ್ 1974

ಮುಂಬಯಿಯವರಿಗೆ,

ಕವರಿನ ಮೇಲೆ ನಿಮ್ಮ ಹೆಸರನ್ನು ಎಂದಿನಂತೆ ಮಾಸ್ತರರೇ ಬರೆದರು. "ಇವತ್ತರ ನೀನ ಬರೀತೀಯೇನವಾ?" ಎಂದು ಪ್ರತಿ ಸಲವೂ ಪೆನ್ನನ್ನು ನನ್ನ ಕಡೆ ಚಾಚುತ್ತಾರೆ, ನಾನು ಸೆರಗು ಬಾಯಿಗಿಟ್ಟುಕೊಂಡು ನಿಂತಿರುತ್ತೇನೆ. ಗಂಡನ ಹೆಸರು ಹೇಳಿದರೆ, ಬರೆದರೆ, ಅವನ ಆಯುಷ್ಯ ಕಡಿಮೆಯಾಗುತ್ತದೆ ಎಂದು ಅತ್ತೆ ಹೇಳುವುದನ್ನು ನಾನು ನಂಬುತ್ತೇನೋ ಇಲ್ಲವೋ ನನಗೇ ತಿಳಿಯದು. ಆದರೆ ನಿಮ್ಮ ಆಯುಷ್ಯದ ಮೇಲೆ ಪರೀಕ್ಷೆ ಮಾಡಿ ನೋಡುವಷ್ಟು ಜಾಣತನ ನನಗೆ ಬೇಡ. ಒಡಪು ಕಟ್ಟಿ, ಪದದ ನಡುವೆ ಸೇರಿಸಿ ಹೇಳಿದರೆ ದೋಷವಿಲ್ಲವಂತೆ. ಹಾಗೆ ನಾನು ನಿಮ್ಮ ಹೆಸರು ಹೇಳಿದ್ದು ಒಂದೇ ಸಲ, ಮದುವೆ ಮನೆಯ ಹೊಸ್ತಿಲಲ್ಲಿ. ಬ್ಯಾಂಡಿನವರ ಗದ್ದಲದಲ್ಲಿ ನೀವು ಅದನ್ನು ಕೇಳಿಸಿಕೊಂಡಿರೋ ಇಲ್ಲವೋ.

ನಮ್ಮ ದ್ರಾಕ್ಷಿಯಿಂದ ಸೆರೆ ಮಾಡಿದ್ದಾರೆಂದು ತಿಳಿದರೆ ಅಪ್ಪ ಹಂದರವನ್ನೇ ಕಿತ್ತುಹಾಕುತ್ತಾನೆ. ವೈನ್ ಎಂದರೆ ಸೆರೆ ಅಲ್ಲ, ಹಬ್ಬದ ಪಾನಕ ಎಂದು ಮಾಸ್ತರರು ಹೇಳಿದರು. ಅವರಿಗೆ ಹೇಗೆ ಗೊತ್ತು ಎಂದು ನಾನು ಕೇಳಲಿಲ್ಲ. ನಾನು ಅದನ್ನು ಮುಟ್ಟುವವಳಲ್ಲ, ಇದು ಮಾತ್ರ ಈಗಲೇ ನೆನಪಿಟ್ಟುಕೊಳ್ಳಿ. ಆದರೆ ಅದರ ಬಣ್ಣ ಹೇಗಿರುತ್ತದೆ?

ಬೊರಿವಲಿಯ ರಾಚವ್ವ ತಮ್ಮನ ಮಗಳ ಮದುವೆಗೆ ಬಂದಿದ್ದಾಳೆ, ಡಿಸೆಂಬರ್ ಮೊದಲ ವಾರ ತಿರುಗಿ ಹೋಗುತ್ತಾಳಂತೆ. ಅವಳ ಜೊತೆ ಮುಂಬಾದೇವಿಯ ದರ್ಶನಕ್ಕೆ ಹೋಗಿಬರಲೇ ಎಂದು ಅತ್ತೆಯನ್ನು ಕೇಳಿದೆ. ಕೂಡಲೇ ಹೂಂ ಅಂದುಬಿಟ್ಟರು. ಅಷ್ಟು ಸುಲಭವಾಗಿ ಹೂಂ ಅಂದದ್ದು ನೋಡಿ ನನಗೇ ಹೆದರಿಕೆಯಾಯಿತು. ನಾನು ಬಹಳ ಮಾತಾಡುವವಳು ಅಂದುಕೊಂಡಿದ್ದೀರಿ. ಕಾಗದ ನನ್ನ ಮುಖ ನೋಡುವುದಿಲ್ಲ, ಅದಕ್ಕೇ ಇಷ್ಟು ಮಾತು. ಎದುರಿಗೆ ಬಂದಾಗ ಮೂಕಿಯಾದರೆ ಬೈಯಬೇಡಿ.

ಬಸಲಿಂಗವ್ವ

*

ಜೋಗೇಶ್ವರಿ
27 ಅಕ್ಟೋಬರ್ 1974

ಬಸಲಿಂಗವ್ವ,

ನೀನು ಬರುತ್ತೀಯ ಎಂದು ಓದಿದ ದಿನ ನಾನು ಎರಡು ಊಟ ಮಾಡಿದೆ. ಮರುದಿನದಿಂದ ಉಪವಾಸದ ಮುಖ ಹಾಕಿಕೊಂಡು ಕೋಣೆ ಹುಡುಕುತ್ತಿದ್ದೇನೆ.

ನಮ್ಮ ಚಾಳಿನ ಕೋಣೆ ನಿನಗೆ ಗೊತ್ತಿಲ್ಲ. ನಮ್ಮೂರ ಕಡೆಯ ಎಂಟು ಮಂದಿ ಇದ್ದೇವೆ. ಹಗಲು ಪಾಳಿಯವರು ಎದ್ದ ಹಾಸಿಗೆಯಲ್ಲೇ ರಾತ್ರಿ ಪಾಳಿಯವರು ಮಲಗುತ್ತಾರೆ, ಹಾಸಿಗೆ ತಣ್ಣಗಾದದ್ದನ್ನು ನಾನು ಕಂಡೇ ಇಲ್ಲ. ಎರಡು ದಿನ ನಾವೆಲ್ಲ ಹೊರಗೆ ಇರುತ್ತೇವೆ ಎಂದು ಅವರಲ್ಲೊಬ್ಬನಾದ ಸಿದ್ದಲಿಂಗಪ್ಪ ಹೇಳಿದ. ಅವನು ಅದನ್ನು ಹೇಳಿದಾಗ ಉಳಿದವರು ನಕ್ಕರು. ಆ ನಗುವಿನ ಕೋಣೆಯಲ್ಲಿ ನಿನ್ನನ್ನು ಇಳಿಸಲು ನನಗೆ ಮನಸ್ಸಾಗಲಿಲ್ಲ.

ಕಳೆದ ರವಿವಾರ ಜುಹೂವಿಗೆ ಹೋದೆ. ಅಲ್ಲಿ ಸಮುದ್ರ ಪುಕ್ಕಟೆ, ಕೋಣೆಯಲ್ಲ. ಒಂದು ರಾತ್ರಿಯ ಬಾಡಿಗೆ ಕೇಳಿದೆ, ನನ್ನ ಎರಡು ವಾರದ ಪಗಾರ ಹೇಳಿದರು. ಬಾಗಿಲು ಕಾಯುವ ಭಯ್ಯಾ ನನ್ನ ಚಪ್ಪಲಿ ನೋಡಿದ್ದು ಬೇರೆ. ಮಾರ್ವೆಯ ಕಡೆ ಬಂಗಲೆಗಳಿವೆ, ಅಲ್ಲಿಗೆ ಬರುವವರೆಲ್ಲ ಮೋಟಾರಿನಲ್ಲೇ ಬರುತ್ತಾರೆ. "ಗಾಡಿ ಎಲ್ಲಿ ನಿಲ್ಲಿಸುತ್ತೀರಿ?" ಎಂದು ಮಾಲಿ ಕೇಳಿದ. ಬಸ್ಸು ಆಗಲೇ ಹೋಯಿತು ಎಂದೆ. ದಾದರಿನಲ್ಲಿ ಒಂದು ಧರ್ಮಶಾಲೆ ಇದೆ, ಅಗ್ಗ, ಸ್ವಚ್ಛ, ಆದರೆ ಗಂಡಸರಿಗೊಂದು ಮಾಳಿಗೆ, ಹೆಂಗಸರಿಗೊಂದು ಮಾಳಿಗೆ. ಅಲ್ಲಿ ಇಳಿಯುವುದಾದರೆ ನಾನು ಇಲ್ಲೇ, ನೀನು ಅಲ್ಲೇ ಇದ್ದರೂ ಆದೀತು. ಗೋರೆಗಾಂವದ ಸ್ಟೇಷನ್ ಎದುರಿನ ಲಾಜಿನ ಮ್ಯಾನೇಜರ್ ನಮ್ಮ ಮದುವೆಯ ಫೋಟೋ ತಂದು ತೋರಿಸು ಎಂದ. ನಮ್ಮ ಮದುವೆಯ ಫೋಟೋದಲ್ಲಿ ನಿನ್ನ ಮುಖದ ಮೇಲೆ ಬಾಸಿಂಗ, ನನ್ನ ಮುಖದ ಮೇಲೆ ಯಾರದೋ ಛತ್ರಿ. ಅದನ್ನು ತೋರಿಸಿದರೆ ಪೊಲೀಸರನ್ನೇ ಕರೆದಾನು. ರಾಚವ್ವನ ಮನೆಯೂ ಒಂದೇ ಕೋಣೆ, ಅಳಿಯನೂ ಅಲ್ಲೇ ಇದ್ದಾನೆ.

ಇಷ್ಟು ದೊಡ್ಡ ಊರು. ಇದರಲ್ಲಿ ಗಂಡಹೆಂಡತಿ ಕೂತು ಮಾತಾಡಲು ಒಂದು ಬಾಗಿಲು ಸಿಗುವುದಿಲ್ಲ ಎಂದರೆ ನನಗೆ ಸಿಟ್ಟು ಬರುತ್ತದೆ. ನೀನು ಗಾಬರಿಯಾಗಬೇಡ, ಟಿಕೀಟು ತೆಗೆಸು.

ಅಣವೀರಪ್ಪ

*

ತಿಕೋಟಾ ಹತ್ತಿರ
5 ನವೆಂಬರ್ 1974

ಮುಂಬಯಿಯವರಿಗೆ,

ಛತ್ರಿ ಹಿಡಿದವನು ನನ್ನ ಸೋದರಮಾವ. ಅವನನ್ನು ಏನೂ ಅನ್ನಬೇಡಿ, ನಿಮ್ಮ ಮುಖಕ್ಕೆ ಬಿಸಿಲು ಬಡಿಯಬಾರದೆಂದು ಹಿಡಿದಿದ್ದ.

ಕೋಣೆ ಸಿಗದಿದ್ದರೆ ಬೇಡ, ಲೋಕಲ್ ರೈಲಿನಲ್ಲೇ ಈ ತುದಿಯಿಂದ ಆ ತುದಿಗೆ ಎರಡು ದಿನ ಓಡಾಡೋಣ. ರಾಚವ್ವನನ್ನು ಕೇಳಿದೆ. "ಲೋಕಲ್‌ನ್ಯಾಗ ಗಂಡ್ರದೊಂದು ಡಬ್ಬಿ, ಹೆಂಗಸ್ರದೊಂದು ಡಬ್ಬಿ, ಅಲ್ಲೂ ಕೂಡಿಸಂಗಿಲ್ಲ ನಿಮ್ಮನ್ನ" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕಳು.

ಒಂದು ಮಾತು ಕೇಳುತ್ತೇನೆ. ಮೊದಲೆಲ್ಲ ಸೋಮವಾರದ ಭಜನೆಯ ಸುದ್ದಿ ಬರೆಯುತ್ತಿದ್ದಿರಿ. ಯಾರು ಹಾಡಿದರು, ತಬಲಾದವನು ಎಲ್ಲಿ ತಪ್ಪಿದ, ನೀವು ಯಾವ ವಚನ ಹೇಳಿದಿರಿ ಎಂದು ಒಂದು ಪುಟ ತುಂಬುತ್ತಿತ್ತು. ಶ್ರಾವಣ ಕಳೆದ ಮೇಲೆ ಒಂದು ಸಾಲೂ ಇಲ್ಲ. ಯಾರ ಜೊತೆಗಾದರೂ ಜಗಳವಾಯಿತೇ?

ನಾನು ದಿನಾ ಹಿತ್ತಲಿನಲ್ಲಿ ಎಮ್ಮೆಯ ಮುಂದೆ ನಿಂತು ಮಾತಾಡುವುದನ್ನು ಕಲಿಯುತ್ತಿದ್ದೇನೆ. ನಿಮಗೆ ಹೇಳಬೇಕಾದ್ದನ್ನೆಲ್ಲ ಅದಕ್ಕೆ ಹೇಳುತ್ತೇನೆ. ಅದು ಕಿವಿ ಅಲ್ಲಾಡಿಸುತ್ತ ಪೂರ್ತಿ ಕೇಳುತ್ತದೆ.

ಬಸಲಿಂಗವ್ವ

*

ಜೋಗೇಶ್ವರಿ
17 ನವೆಂಬರ್ 1974

ಬಸಲಿಂಗವ್ವ,

ಕೋಣೆ ಸಿಕ್ಕಿತು! ಬಗಲಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಯಿತು ನನ್ನದು. ಇನಾಸ್ ನನ್ನ ಜುಹೂವಿನ ಕಥೆ ಕೇಳಿ ಹಣೆ ಚಚ್ಚಿಕೊಂಡ. ಅವನ ಮಾವಶಿಯ ಮನೆಯ ಹಿಂದೆ ತೆಂಗಿನ ಗರಿ ಹೊದಿಸಿದ ಒಂದು ಕೋಣೆ ಇದೆ. ರುಚಿ ನೋಡಲು ದೂರದಿಂದ ಬಂದವರಿಗೆ ರಾತ್ರಿಗೆ ಐದು ರೂಪಾಯಿಯಂತೆ ಕೊಡುತ್ತಾಳಂತೆ. ಮಾವಶಿ ಸ್ವಲ್ಪ ಕಟ್ಟುನಿಟ್ಟಿನ ಹೆಂಗಸು, ಗಂಡಹೆಂಡತಿ ಎಂದು ಖಾತ್ರಿಯಾಗದೆ ಯಾರಿಗೂ ಕೀಲಿಕೈ ಕೊಡುವುದಿಲ್ಲ. ನಾವು ಗಂಡಹೆಂಡತಿಯೇ ತಾನೆ, ನಮಗೇನು ಭಯ.

ಡಿಸೆಂಬರ್ 7, ಶನಿವಾರ. ಬೊರಿವಲಿ ಸ್ಟೇಷನ್‌ನಿಂದ ಖಾಡಿಯವರೆಗೆ ಬಸ್ಸು, ಅಲ್ಲಿಂದ ಲಾಂಚು ಎನ್ನುವ ದೋಣಿ, ಆಮೇಲೆ ತೋಟಗಳ ನಡುವೆ ಸ್ವಲ್ಪ ನಡಿಗೆ. ಮೋಟಾರು ಬೇಕಿಲ್ಲ, ಮೋಟಾರಿನವನೂ ಲಾಂಚಿಗೇ ಕಾಯಬೇಕು. ಅಂದು ಪಾಳಿ ಮುಗಿದ ಕೂಡಲೇ ನಾನೂ ಇನಾಸನೂ ಬರುತ್ತೇವೆ. ತಡವಾದರೆ ರಾಚವ್ವ ನಿನ್ನನ್ನು ಮಾವಶಿಯ ಮನೆಗೆ ಮುಟ್ಟಿಸಲಿ.

ಎರಡು ಮಾತು ನಡೆಸಿಕೊಡಬೇಕು, ಯಾಕೆ ಎಂದು ಕೇಳಬಾರದು. ಲಾಂಚಿನಲ್ಲಾಗಲಿ, ದಂಡೆಯಲ್ಲಾಗಲಿ, ಎಲ್ಲಿ ಕೂತರೂ ನನ್ನ ಬಲಗಡೆ ಕೂತುಕೋ. ಇನ್ನೊಂದು, ಕೋಣೆಯಲ್ಲಿ ಕಂದೀಲು ಆರಿಸಬೇಡ, ಮಾತು ಮುಗಿಯುವವರೆಗೆ ಉರಿಯಲಿ.

ಭಜನೆಯ ವಿಷಯ ಏನಿಲ್ಲ. ಪಾಳಿ ಬದಲಾಗಿದೆ, ಹೊತ್ತು ಕೂಡಿ ಬರುವುದಿಲ್ಲ. ವೈನಿನ ಬಣ್ಣ ಬೆಲ್ಲದ ಪಾಕದ ಹಾಗೆ ಇರುತ್ತದಂತೆ.

ಅಣವೀರಪ್ಪ

*

ತಿಕೋಟಾ ಹತ್ತಿರ
25 ನವೆಂಬರ್ 1974

ಮುಂಬಯಿಯವರಿಗೆ,

ಟಿಕೀಟು ಆಯಿತು. ಮಾವಶಿಗೆಂದು ಒಂದು ಡಬ್ಬಿ ಒಣ ದ್ರಾಕ್ಷಿ, ನಿಮಗೆಂದು ಶೇಂಗಾದ ಹೋಳಿಗೆ ಕಟ್ಟಿಟ್ಟಿದ್ದೇನೆ.

ಬಲಗಡೆ ಕೂಡುವ ಮಾತು ನನಗೆ ಸರಿಬರಲಿಲ್ಲ. ಬಲಗಡೆ ಕೂಡುವವಳು ಮಗಳು, ತಂಗಿ. ಹೆಂಡತಿಯ ಜಾಗ ಎಡಗಡೆ. ಮದುವೆಯಲ್ಲಿ ಅಯ್ಯನವರು ನನ್ನನ್ನು ಎಬ್ಬಿಸಿ ನಿಮ್ಮ ಎಡಗಡೆ ಕೂಡಿಸಿದ್ದು ಮರೆತಿರೇನು? ಮುಂಬಯಿಯಲ್ಲಿ ಫ್ಯಾಷನ್ ಬೇರೆ ಇರಬಹುದು, ನಾಲ್ಕು ಮಂದಿ ನೋಡುವಲ್ಲಿ ನಾನು ಹಾಗೆ ಕೂಡುವವಳಲ್ಲ. ಕಂದೀಲಿನ ಮಾತಿಗೆ ಉತ್ತರ ಬರೆಯಲಿಕ್ಕೂ ನನಗೆ ನಾಚಿಕೆ. ಈ ಎರಡನ್ನು ಬಿಟ್ಟು ಏನು ಬೇಕಾದರೂ ಕೇಳಿ.

ಬಸಲಿಂಗವ್ವ

*

ಜೋಗೇಶ್ವರಿ
15 ಡಿಸೆಂಬರ್ 1974

ಬಸಲಿಂಗವ್ವ,

ನೀನು ಸುಖವಾಗಿ ಊರು ಮುಟ್ಟಿದ್ದು ರಾಚವ್ವನ ಅಳಿಯನಿಂದ ತಿಳಿಯಿತು.

ಶನಿವಾರ ನಾನು ಬರುವಷ್ಟರಲ್ಲಿ ಕತ್ತಲಾಯಿತು. ನಾವು ಹೊರಡುವ ಹೊತ್ತಿಗೆ ಕಾರ್ಖಾನೆಯ ಸೇಠ್ ಒಂದು ಆರ್ಡರು ತಂದಿಟ್ಟ, ಕಡೆಯ ಲಾಂಚು ಹಿಡಿದದ್ದೇ ಹೆಚ್ಚು. ಆ ತಪ್ಪು ನನ್ನದು. ಆದರೆ ಆಮೇಲೆ? ನಾನು ಎಷ್ಟು ದಿನದಿಂದ ಕಾದಿದ್ದೆ. ನೀನು ಮಾತೇ ಆಡಲಿಲ್ಲ. ದಂಡೆಯಲ್ಲಿ ಅಷ್ಟು ಹೊತ್ತು ಕೂತೆವು, ನೀನು ಅಲೆಗಳ ಕಡೆ ಮುಖ ಮಾಡಿಕೊಂಡೇ ಇದ್ದೆ. ನಾನು ಕೇಳಿದ್ದಕ್ಕೆಲ್ಲ ತಲೆಯಾಡಿಸಿದೆ. ಕಂದೀಲನ್ನು ನಾನು ಬೇಡ ಎನ್ನುವ ಮೊದಲೇ ಊದಿ ಆರಿಸಿದೆ. ಕತ್ತಲಲ್ಲಿ ನಾನು ಒಬ್ಬನೇ ಇದ್ದ ಹಾಗೆ ಇದ್ದೆ.

ರವಿವಾರ ಅಂಗಳದಲ್ಲಿ ಎಲ್ಲರೂ ಗಾಜಿನ ಲೋಟ ಹಿಡಿದು ಕೂತಾಗ ನಿನಗೆ ಬಹಳ ಮುಜುಗರವಾಗಿರಬೇಕು. ಮಾವಶಿಯ ವೈನಿಗೆ ಎಲ್ಲರೂ ಚಪ್ಪಾಳೆ ತಟ್ಟಿದರು, ನೀನು ಮುಖ ಮುಚ್ಚಿಕೊಂಡೆ. ಕುಡಿಯುವವರ ನಡುವೆ ನಿನ್ನನ್ನು ತಂದು ಕೂಡಿಸಿದೆನಲ್ಲ ಎಂದು ನನ್ನ ಮೇಲೆ ನನಗೇ ಬೇಸರವಾಗಿ ಎದ್ದು ದಂಡೆಯ ಕಡೆ ಹೋದೆ. ತಿರುಗಿ ಬಂದಾಗ ನಿನ್ನ ಕಣ್ಣು ಕೆಂಪಾಗಿದ್ದವು.

ಮಾವಶಿ ಬಾಡಿಗೆ ತೆಗೆದುಕೊಳ್ಳಲಿಲ್ಲ. ನಿನ್ನ ಹೆಂಡತಿ ಕೊಟ್ಟಾಯಿತು ಎಂದಳು. ನೀನು ಹಣ ಎಲ್ಲಿಂದ ತಂದೆ, ಯಾಕೆ ಕೊಟ್ಟೆ? ಅಷ್ಟೂ ನನ್ನಿಂದ ಆಗದೆ ಇತ್ತೇ? ಇನ್ನು ಮುಂದೆ ಇಂಥ ಹುಚ್ಚಿಗೆ ನಿನ್ನನ್ನು ಎಳೆಯುವುದಿಲ್ಲ.

ಅಣವೀರಪ್ಪ

*

ತಿಕೋಟಾ ಹತ್ತಿರ
24 ಡಿಸೆಂಬರ್ 1974

ಮುಂಬಯಿಯವರಿಗೆ,

ನಾನು ಮಾತೇ ಆಡಲಿಲ್ಲವೇ? ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೂರನೆಯ ಸಲ ಓದಲು ಆಗಲಿಲ್ಲ, ಅಷ್ಟು ಸಿಟ್ಟು ಬಂದಿತ್ತು.

ಶನಿವಾರ ಏನಾಯಿತೆಂದು ನಿಮಗೆ ಗೊತ್ತಿಲ್ಲ, ಈಗ ತಿಳಿದುಕೊಳ್ಳಿ. ರಾಚವ್ವ ನನ್ನನ್ನು ಮಾವಶಿಯ ಅಂಗಳದಲ್ಲಿ ಬಿಟ್ಟು, "ಹೆದರಬ್ಯಾಡವಾ, ಹಿಂದ ಬರೂ ಲಾಂಚಿಗೆ ಬರ್ತಾನ ನಿನ್ನ ಗಂಡ" ಎಂದು ಅದೇ ಲಾಂಚಿನಲ್ಲಿ ತಿರುಗಿ ಹೋದಳು. ಮಾವಶಿ ಕನ್ನಡಕ ಏರಿಸಿ, ಗಂಡನ ಹೆಸರೇನು ಎಂದು ಮರಾಠಿಯಲ್ಲಿ ಕೇಳಿದಳು. ನಾನು ಸೆರಗು ಬಾಯಿಗಿಟ್ಟುಕೊಂಡೆ. ಮತ್ತೆ ಕೇಳಿದಳು. ಇನಾಸನ ಗೆಳೆಯ ಎಂದೆ. ಅದು ಹೆಸರಲ್ಲ ಎಂದಳು. ದ್ರಾಕ್ಷಿಯ ಡಬ್ಬಿ ತೋರಿಸಿದೆ, ದ್ರಾಕ್ಷಿ ಪೇಟೆಯಲ್ಲೂ ಸಿಗುತ್ತದೆ ಎಂದಳು. ಇನಾಸ್ ನಿಮ್ಮನ್ನು ಅಣ್ಣಾ ಎಂದೇ ಕರೆಯುತ್ತಾನಂತೆ, ಆಕೆಗೂ ಅಷ್ಟೇ ಗೊತ್ತು. ಹೋದ ಚಳಿಗಾಲ ಇಬ್ಬರು ಬಂದು ಗಂಡಹೆಂಡತಿ ಎಂದು ಸುಳ್ಳು ಹೇಳಿ ಇಳಿದರಂತೆ, ಮರುದಿನ ಎರಡೂ ಮನೆಯವರು ಲಾಂಚು ತುಂಬಿಕೊಂಡು ಬಂದು ಅಂಗಳದಲ್ಲೇ ಹೊಡೆದಾಡಿದರಂತೆ. ಅಂದಿನಿಂದ ಆಕೆಯ ಪದ್ಧತಿ ಇದು, ಹೆಂಡತಿ ಗಂಡನ ಹೆಸರು ಹೇಳಬೇಕು, ಗಂಡ ಬಂದು ಅದನ್ನೇ ಹೇಳಬೇಕು. ಕಟ್ಟಿಕೊಂಡವನ ಹೆಸರು ಗೊತ್ತಿಲ್ಲದ ಹೆಂಡತಿ ಎಲ್ಲಿದ್ದಾಳೆ ಎಂದು ನನ್ನ ಟ್ರಂಕನ್ನು ಎತ್ತಿ ಗೇಟಿನ ಹೊರಗಿಟ್ಟಳು. ಕಡೆಯ ಲಾಂಚಿನಲ್ಲಿ ತಿರುಗಿ ಹೋಗು ಎಂದಳು. ಅಕ್ಕಪಕ್ಕದ ಹೆಂಗಸರು ಬೇಲಿಗೆ ಬಂದು ನಿಂತರು. ನನಗೆ ಭೂಮಿ ಬಾಯಿಬಿಡಬಾರದೇ ಎನಿಸಿತು.

ಆಗ ಒಂದು ಒಡಪು ಕಟ್ಟಿದೆ. ನಿಂತ ನಿಲುವಿನಲ್ಲೇ ಕಟ್ಟಿದೆ. ಅದರಲ್ಲಿ ನಿಮ್ಮ ಹೆಸರು ಸೇರಿಸಿ, ಎಲ್ಲರೂ ಕೇಳುವ ಹಾಗೆ ಹೇಳಿದೆ. ಮಾವಶಿ ಹೊರಗಿಟ್ಟ ಟ್ರಂಕನ್ನು ತಾನೇ ಎತ್ತಿಕೊಂಡಳು. ಅವರಲ್ಲೂ ಮದುವೆಯಲ್ಲಿ ಹೆಣ್ಣುಮಕ್ಕಳು ಹೀಗೆಯೇ ಗಂಡನ ಹೆಸರನ್ನು ಪದದಲ್ಲಿ ಕಟ್ಟಿ ಹೇಳುತ್ತಾರಂತೆ, ಉಖಾಣಾ ಎನ್ನುತ್ತಾರಂತೆ. ನನ್ನ ಕೆನ್ನೆ ಹಿಡಿದು ಒಳಗೆ ಕರೆದುಕೊಂಡು ಹೋದಳು. ನಾಳೆ ರುಚಿ ನೋಡುವಾಗ ಗಂಡನನ್ನು ಕೂಡಿಸಿಕೊಂಡು ಇದನ್ನೇ ಇನ್ನೊಮ್ಮೆ ಹೇಳು, ಅದೇ ನಿನ್ನ ಬಾಡಿಗೆ ಎಂದಳು. ನಾನು ಕೊಟ್ಟ ಬಾಡಿಗೆ ಅದು.

ರವಿವಾರ ನಾನು ನಿಮ್ಮ ಎಡಗಡೆ, ನಿಮ್ಮ ತೋಳಿಗೆ ತೋಳು ತಾಗುವಷ್ಟು ಹತ್ತಿರ ಕೂತು ಹೇಳಿದೆ. ಏಳು ವರ್ಷದಲ್ಲಿ ನಿಮ್ಮ ಎದುರಿಗೆ ಎರಡನೆಯ ಸಲ. ಎಲ್ಲರೂ ಚಪ್ಪಾಳೆ ತಟ್ಟಿದರು. ನೀವು ಒಮ್ಮೆಯೂ ನನ್ನ ಕಡೆ ತಿರುಗಲಿಲ್ಲ. ಲೋಟ ನೋಡುತ್ತ ಕೂತಿರಿ, ಆಮೇಲೆ ಎದ್ದು ಹೋದಿರಿ. ಪರಪುರುಷರ ಮುಂದೆ ನಿಮ್ಮ ಹೆಸರು ಹೇಳಿದ್ದು ನಿಮಗೆ ಅವಮಾನವಾಯಿತೆಂದು ತಿಳಿದೆ. ಹಿಂದಿನ ರಾತ್ರಿ ದಂಡೆಯಲ್ಲಿ ಎಮ್ಮೆಗೆ ಹೇಳಿ ಕಲಿತದ್ದನ್ನೆಲ್ಲ ಹೇಳಿದ್ದೆ, ಉತ್ತರ ಕೊಡಲಿಲ್ಲ. ಕೋಣೆಯ ಕತ್ತಲಲ್ಲಿ ಹೇಳಿದ್ದೆ, ಉತ್ತರ ಕೊಡಲಿಲ್ಲ. ಈಗ ನಾನು ಮಾತಾಡಲಿಲ್ಲ ಎಂದು ಬರೆಯುತ್ತೀರಿ.

ನನಗೆ ಬರೆಯಲು ಇನ್ನೇನೂ ಉಳಿದಿಲ್ಲ. ಮನೆಯ ಪತ್ರದಲ್ಲೇ ಕ್ಷೇಮ ತಿಳಿಸಿ.

ಬಸಲಿಂಗವ್ವ

*

ಜೋಗೇಶ್ವರಿ
2 ಜನವರಿ 1975

ಬಸಲಿಂಗವ್ವ,

ಸಿಟ್ಟಿನಲ್ಲಿ ಹರಿದು ಹಾಕಬೇಡ, ಪೂರ್ತಿ ಓದು.

ನನ್ನ ಎಡಗಿವಿ ಕೇಳಿಸುವುದಿಲ್ಲ. ಡಬ್ಬಿಯ ತಗಡು ಕತ್ತರಿಸುವ ಪ್ರೆಸ್ಸು ಎಂಟು ವರ್ಷದಿಂದ ಆ ಕಿವಿಯ ಪಕ್ಕದಲ್ಲೇ ಬಡಿಯುತ್ತಿದೆ. ಮೊದಲು ಗುಂಯ್ ಎನ್ನುತ್ತಿತ್ತು, ಶ್ರಾವಣದಲ್ಲಿ ಆ ಗುಂಯ್ ಕೂಡ ನಿಂತಿತು. ಭಜನೆಯಲ್ಲಿ ಎಲ್ಲರೂ ಮುಗಿಸಿದ ಮೇಲೂ ನಾನೊಬ್ಬನೇ ಹಾಡುತ್ತಿದ್ದೆ, ನಕ್ಕರು, ಬಿಟ್ಟುಬಿಟ್ಟೆ. ಬಲಗಿವಿ ಅರ್ಧ ಕೇಳಿಸುತ್ತದೆ. ಪ್ರೆಸ್ಸು ಬಿಡದಿದ್ದರೆ ಅದೂ ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿದರು. ಆ ದಿನ ಮನೆಗೆ ಬರುತ್ತ ನನಗೆ ಬಂದ ಯೋಚನೆ ಒಂದೇ. ನಿನ್ನ ದನಿಯನ್ನು ನಾನು ಇನ್ನೂ ಸರಿಯಾಗಿ ಕೇಳಿಯೇ ಇಲ್ಲ. ಅದು ಹೋಗುವ ಮೊದಲು ಎರಡು ದಿನ ಕಿವಿ ತುಂಬ ಕೇಳಿಬಿಡಬೇಕು. ಅದಕ್ಕೇ ಈ ಚಳಿಗಾಲ ಎಂದು ಹಟ ಹಿಡಿದೆ, ಅದಕ್ಕೇ ಊರೆಲ್ಲ ಕೋಣೆ ಹುಡುಕಿದೆ.

ಬಲಗಡೆ ಕೂತುಕೋ ಎಂದದ್ದು ಅದಕ್ಕೆ. ಕಂದೀಲು ಇರಲಿ ಎಂದದ್ದೂ ಅದಕ್ಕೆ, ತುಟಿ ಕಂಡರೆ ಅರ್ಧ ಮಾತು ತಿಳಿಯುತ್ತದೆ. ನಿನ್ನ ಪತ್ರ ನೋಡಿ ಎಡಗಡೆಯ ಮಾತು ತಮಾಷೆ ಎಂದುಕೊಂಡೆ. ಅಲ್ಲಿ ನೀನು ಮತ್ತೆ ಮತ್ತೆ ಸುತ್ತಿಬಂದು ಎಡಗಡೆಯೇ ಕೂತಾಗ ಎದ್ದು ಜಾಗ ಬದಲಿಸಬೇಕಿತ್ತು, ನಿಜ ಹೇಳಬೇಕಿತ್ತು. ಕಿವುಡನನ್ನು ಕಟ್ಟಿಕೊಂಡೆನಲ್ಲ ಎಂದು ನೀನು ಅಂದುಕೊಂಡರೆ ಎಂಬ ಅಂಜಿಕೆ. ಸಮುದ್ರದ ಸದ್ದು ಬೇರೆ. ನೀನು ಹೇಳಿದ್ದರಲ್ಲಿ ಒಂದಕ್ಷರವೂ ನನಗೆ ಮುಟ್ಟಲಿಲ್ಲ, ಚಪ್ಪಾಳೆಯ ಕೈಗಳಷ್ಟೇ ಕಂಡವು.

ಅವಮಾನವೇ, ಹುಚ್ಚೀ? ನಿನ್ನ ಪತ್ರ ಬಂದ ದಿನ ಗೋರಾಯಿಗೆ ಹೋಗಿ ಮಾವಶಿಯನ್ನು ಆ ಒಡಪು ಹೇಳು ಎಂದು ಕೇಳಿದೆ. ಕನ್ನಡ ಆಕೆಗೆ ನೆನಪಿಲ್ಲ, ನನ್ನ ಹೆಸರೊಂದೇ ನೆನಪಿದೆ. "ಆಕೆ ಬಾಯಲ್ಲಿ ನಿನ್ನ ಹೆಸರು ಎಷ್ಟು ಚೆಂದ ಇತ್ತು" ಎಂದಳು. ನಾನು ಆ ಖಾಲಿ ಕೋಣೆಯ ಮೆಟ್ಟಿಲ ಮೇಲೆ ಕೂತು ಅತ್ತೆ.

ಅದನ್ನು ಬರೆದು ಕಳಿಸು. ಹೆಸರು ಬರೆಯಬೇಡ, ಆ ಜಾಗ ಖಾಲಿ ಬಿಡು. ನಾನು ತುಂಬಿಕೊಂಡು ಓದಿಕೊಳ್ಳುತ್ತೇನೆ.

ಅಣವೀರಪ್ಪ

*

ತಿಕೋಟಾ ಹತ್ತಿರ
11 ಜನವರಿ 1975

ನನ್ನವರಿಗೆ,

ಮಾಸ್ತರರ ಶಾಲೆಯ ಕಟ್ಟೆಯ ಮೇಲೆ ಕೂತು ನಿಮ್ಮ ಪತ್ರ ಓದಿದೆ. ಅವರು ಒಂದು ಲೋಟ ನೀರು ತಂದಿಟ್ಟು ಒಳಗೆ ಹೋಗಿ ಮಕ್ಕಳಿಗೆ ಮಗ್ಗಿ ಹೇಳಿಸಿದರು. ಆ ಗದ್ದಲದಲ್ಲಿ ನಾನು ಅತ್ತದ್ದು ಯಾರಿಗೂ ಕೇಳಿಸಲಿಲ್ಲ.

ಮೊದಲು ಪ್ರೆಸ್ಸು ಬಿಡಿ. ಇದು ಕೇಳಿಕೊಳ್ಳುವುದಲ್ಲ, ಹೇಳುವುದು. ಗೋದಾಮಿನಲ್ಲಿ ಡಬ್ಬಿ ಎಣಿಸಿ, ಗೇಟಿನಲ್ಲಿ ಕೂಡಿ, ಪಗಾರ ಕಡಿಮೆಯಾದರೆ ಆಗಲಿ. ಕಿವುಡನನ್ನು ಕಟ್ಟಿಕೊಂಡೆ ಎಂದು ನಾನು ಅಂದುಕೊಳ್ಳುತ್ತೇನೆಂದು ಅಂಜಿದಿರಲ್ಲ, ಅದಕ್ಕೆ ಎದುರಿಗೆ ಬಂದಾಗ ಬೈಯುತ್ತೇನೆ. ಬಲಗಿವಿಯಲ್ಲಿ ಬೈಯುತ್ತೇನೆ. ಅತ್ತೆಗೂ ನಿಮ್ಮ ಕಿವಿಯ ವಿಷಯ ಹೇಳಿದೆ. "ದ್ರಾಕ್ಷಿ ಸುಗ್ಗಿ ಮುಗಿದ ಮ್ಯಾಲ ನೀನೂ ಅಲ್ಲೇ ಹೋಗಿ ಇರು, ಅಂವಗ ಒಬ್ಬರು ಬೇಕು" ಎಂದರು. ಮುಂಬಾದೇವಿಯ ದರ್ಶನ ಹೇಗಾಯಿತು ಎಂದು ಅವರು ನನ್ನನ್ನು ಇವತ್ತಿನವರೆಗೆ ಕೇಳಿಲ್ಲ, ನೋಡಿ.

ಮಾವಶಿಯ ಆ ಹಿಂದಿನ ಕೋಣೆ ತಿಂಗಳಿಗೆ ಸಿಗುತ್ತದೆಯೇ ಕೇಳಿ. ದಿನಾ ಲಾಂಚು, ಬಸ್ಸು, ಲೋಕಲ್ ಎಂದು ನಿಮಗೆ ದೂರವಾಗುತ್ತದೆ, ಗೊತ್ತು. ಆದರೆ ಅಲ್ಲಿ ಒಂದು ಬಾಗಿಲಿದೆ. ನಾನು ದ್ರಾಕ್ಷಿ ತರುತ್ತೇನೆ, ಆಕೆಗೆ ಒಣಗಿಸಿಕೊಡುತ್ತೇನೆ. ಮಾತಾಡುವ ಕೆಲಸವೂ ನನ್ನದೇ. ದಂಡೆಯಲ್ಲಿ ನಿಮಗೆ ಹೇಳಿದ್ದನ್ನೆಲ್ಲ ಮೊದಲಿಂದ ಹೇಳಬೇಕಲ್ಲ. ಕಂದೀಲಿಗೆ ಎಣ್ಣೆ ತಂದಿಡಿ.

ಇನ್ನೊಂದು ಗುಟ್ಟು. ರವಿವಾರ ನೀವು ಸಿಟ್ಟಾಗಿ ದಂಡೆಗೆ ಹೋದಿರಿ ಎಂದು ನಾನು ತಿಳಿದಿದ್ದಾಗ, ನಿಮ್ಮ ಲೋಟದಲ್ಲಿ ಉಳಿದದ್ದನ್ನು ನಾನು ಕುಡಿದೆ. ಯಾರೂ ನೋಡಲಿಲ್ಲ. ನೀವು ಬಾಯಿಟ್ಟ ಲೋಟ ಎಂದು ಕುಡಿದೆ, ಮತ್ತೇನೂ ಅಲ್ಲ. ನಮ್ಮ ದ್ರಾಕ್ಷಿಯ ರುಚಿ ಪೂರ್ತಿ ಹೋಗಿರಲಿಲ್ಲ. ದೇವರಿಗೆ ನಾನೇ ಹೇಳಿಕೊಳ್ಳುತ್ತೇನೆ, ನೀವು ನಮ್ಮ ಅಪ್ಪನಿಗೆ ಹೇಳಬೇಡಿ.

ಒಡಪಿನಲ್ಲಿ ಜಾಗ ಖಾಲಿ ಬಿಡು ಎಂದಿರಿ. ಬಿಡುವುದಿಲ್ಲ. ಸಮುದ್ರದ ಸದ್ದಿನಲ್ಲಿ ಒಮ್ಮೆ ಹೋದದ್ದು ಸಾಕು.

ಹಂದರದ ದ್ರಾಕ್ಷಿ ಮಾಳಿಗಿ ಮ್ಯಾಲ ಒಣಗ್ಯಾವ,
ಖಾಡಿಯ ದಾಟಿ ಗಾಜಿನ ಭರಣ್ಯಾಗ ನೆನದಾವ,
ಅಣವೀರಪ್ಪನವರು ಬರೂತನಕ ನನ್ನ ಕಣ್ಣು ಲಾಂಚಿನ ದಾರಿ ಕಾದಾವ.

ಇವತ್ತು ಮಾಸ್ತರರು ಎಂದಿನಂತೆ ಪೆನ್ನು ಚಾಚಿದರು. ಈ ಸಲ ನಾನು ಇಸಿದುಕೊಂಡೆ. ಕವರಿನ ಮೇಲಿನ ಅಕ್ಷರ ಸೊಟ್ಟಗಿದ್ದರೆ ಯಾರು ಬರೆದರೆಂದು ಹುಡುಕಬೇಡಿ.

ನಿಮ್ಮ ಬಲಗಡೆಯವಳು,
ಬಸಲಿಂಗವ್ವ